ಮೌಶಿಯ ಕಸೂತಿ ಪಾಠ ರೆಕಾರ್ಡ್ ಮಾಡಿದ್ದು

ನನ್ನ ಹೆಂಡತಿ ವಸುಧಾಳ ಚಿಕ್ಕಮ್ಮ ಇಂದಿರಾ ಮೌಶಿ ಇಲ್ಲೇ ಪರದೇಶದಲ್ಲಿ, ನಮ್ಮೂರ ಪಕ್ಕದ ಹೇವರ್ಡಿನಲ್ಲಿ ಮಗಳ ಮನೆಯಲ್ಲಿರುತ್ತಾರೆ. ಮೂಲ ಧಾರವಾಡ. ಎಪ್ಪತ್ತೆರಡನೆಯ ವಯಸ್ಸಿನಲ್ಲಿ ಸ್ಲೈಡು ಮಾಡುವುದನ್ನು ಕಲಿತು, ಇಲ್ಲಿಯ ಕನ್ನಡದ ಹೆಂಗಸರಿಗೆ ಆನ್‌ಲೈನಿನಲ್ಲಿ ಒಂದು ಕಸೂತಿ ಪಾಠ ಮಾಡಲು ಒಪ್ಪಿದರು. ಶನಿವಾರ ಬೆಳಿಗ್ಗೆ ಹತ್ತಕ್ಕೆ. ಧಾರವಾಡದಲ್ಲಿ ಅದು ಮಲಗುವ ಹೊತ್ತು. ಮೌಶಿಗೆ ಚಿಂತೆ ಅದೊಂದೇ. ಅವರಿಗೆ ಸೂಜಿ ಹಿಡಿಯುವುದನ್ನು ಕಲಿಸಿದ್ದೇ ಅಲ್ಲಿರುವ ಅಕ್ಕ, ಅಂದರೆ ನನ್ನ ಅತ್ತೆ. ಅವರೇ ನೋಡದಿದ್ದರೆ ಹೇಗೆ?

"ನಾನು ರೆಕಾರ್ಡ್ ಮಾಡಿ ಕಳಿಸ್ತೀನಿ ಬಿಡಿ," ಎಂದೆ. "ಸ್ಕ್ರೀನ್ ರೆಕಾರ್ಡಿಂಗು ತಾನೆ? ಒಂದು ಬಟನ್ ಒತ್ತೋ ಕೆಲಸ."

"ಒಮ್ಮೆ ಟ್ರಾಯಲ್ ಮಾಡಿ ನೋಡ್ರಿ," ಎಂದಳು ವಸುಧಾ.

ಇಷ್ಟು ವರ್ಷ ಸಾಫ್ಟ್‌ವೇರಿನಲ್ಲಿ ದುಡಿದವನಿಗೆ ಹೇಳುವ ಮಾತೇ ಅದು? ನಾನು ಟ್ರಾಯಲ್ ಮಾಡಲಿಲ್ಲ.

ಶನಿವಾರ ವಸುಧಾ ಮೌಶಿಯ ಸಹಾಯಕ್ಕೆ ಹೇವರ್ಡಿಗೆ ಹೋದಳು. ಮಿಲ್ಪಿಟಾಸಿನ ನಮ್ಮ ಮನೆಯಲ್ಲಿ ನಾನೊಬ್ಬನೇ. ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರನ್ನು ಇಳಿಸಿಕೊಂಡು, ಹೆಡ್‌ಫೋನು ತೊಟ್ಟು, ಪಕ್ಕದಲ್ಲಿ ಒಂದು ಬಟ್ಟಲು ಅವಲಕ್ಕಿ ಚೂಡಾ ಇಟ್ಟುಕೊಂಡು ಬಟನ್ ಒತ್ತಿದೆ. ಮೂಲೆಯಲ್ಲಿ ಕೆಂಪು ಚುಕ್ಕೆ ಮಿನುಗತೊಡಗಿತು. ನನ್ನ ಕರ್ತವ್ಯ ಮುಗಿಯಿತು ಎಂದುಕೊಂಡೆ.

ಮೌಶಿ ಬಹಳ ಚೆನ್ನಾಗಿ ಮಾತಾಡಿದರು. ಗೋಪುರ, ತುಳಸಿಕಟ್ಟೆ, ಆನೆ, ಒಂದೊಂದಾಗಿ ತೋರಿಸಿದರು. ಸ್ವಲ್ಪ ಹೊತ್ತು ಕೇಳಿದ ಮೇಲೆ ನಾನು ಕಾರಿಗೆ ಹೊಸ ಟೈರು ಹುಡುಕಲು ಇನ್ನೊಂದು ವಿಂಡೋ ತೆರೆದೆ. ಪಾಠ ಅದರ ಹಿಂದೆ ತನ್ನ ಪಾಡಿಗೆ ನಡೆಯುತ್ತಿತ್ತು. ನಡುವೆ ಗೆಳೆಯನೊಬ್ಬ ಫೋನು ಮಾಡಿದ. ಅವನ ಜೊತೆ ಎರಡು ಮಾತಾಡಿದೆ. ಪಾಠ ಮುಗಿದ ಕೂಡಲೇ ಫೈಲಿನ ಲಿಂಕನ್ನು ಅತ್ತೆಗೆ ಕಳಿಸಿದೆ. ತೆರೆದು ನೋಡಲಿಲ್ಲ. ಕೆಂಪು ಚುಕ್ಕೆ ಮಿನುಗಿದೆ ಎಂದಮೇಲೆ ಇನ್ನೇನು ನೋಡುವುದು?

ಸಂಜೆ ವಸುಧಾ ಮನೆಗೆ ಬರುವುದಕ್ಕೂ ಧಾರವಾಡದಿಂದ ಫೋನು ಬರುವುದಕ್ಕೂ ಸರಿಹೋಯಿತು. ಹೊಗಳಿಕೆ ಅವಳಿಗೂ ಕೇಳಲಿ ಎಂದು ಸ್ಪೀಕರ್ ಹಾಕಿದೆ.

"ಅಳಿಯಂದ್ರ, ವಿಡಿಯೋ ನೋಡಿದೆ," ಎಂದರು ಅತ್ತೆ. "ಇಂದೂ ಆರಾಮ ಇದ್ದಾಳಿಲ್ಲೋ? ಬಾಯಿ ಅಲ್ಲಾಡ್ತದ, ಧ್ವನಿನೇ ಇಲ್ಲ."

"ಧ್ವನಿ ಇಲ್ವಾ?"

"ಅಕೀದಿಲ್ಲ. ನೀವು ಕುರುಂ ಕುರುಂ ಅಂತ ಏನೋ ತಿನ್ನೂದು ಸ್ವಚ್ಛ ಕೇಳಸ್ತದ. ಆಮ್ಯಾಲೆ ಬರೇ ಟೈರು ಬಂದ್ವು. ಟೈರಿನ ಮ್ಯಾಲೂ ಕಸೂತಿ ಹಾಕ್ತಾರೇನೋ ಅಂತ ನೋಡಿದೆ."

ವಸುಧಾ ಕುರ್ಚಿ ಎಳೆದುಕೊಂಡು ಕೂತಳು.

"ನಡುವ ಯಾರ ಜೋಡಿನೋ ಮಾತಾಡಿದ್ರಿ," ಅತ್ತೆ ಶಾಂತವಾಗಿ ಮುಂದುವರಿಸಿದರು. "'ನಮ್ಮತ್ತೆ ತಂಗಿ ಲೆಕ್ಚರು ಮಾರಾಯ, ಸದ್ಯಕ್ಕೆ ಮುಗಿಯೋ ಹಾಗೆ ಕಾಣಲ್ಲ' ಅಂತ. ಎರಡು ಸಲ ಕೇಳಿದೆ. ಭಾಳ ಸ್ಪಷ್ಟ ಅದ."

ಫೋನಿಟ್ಟ ಮೇಲೆ ಇಬ್ಬರೂ ಕೂತು ಫೈಲು ನೋಡಿದೆವು. ಆ ಸಾಫ್ಟ್‌ವೇರು ಕೋಣೆಯ ಸದ್ದನ್ನು ಮಾತ್ರ ಹಿಡಿಯುತ್ತದೆ, ಹೆಡ್‌ಫೋನಿನೊಳಗಿನ ಮಾತು ಅದಕ್ಕೆ ಕೇಳಿಸುವುದಿಲ್ಲ. ಪರದೆಯ ಮೇಲೆ ಏನು ಮುಂದಿದೆಯೋ ಅದನ್ನೇ ಹಿಡಿಯುತ್ತದೆ, ಹಿಂದಿರುವುದು ಅದಕ್ಕೆ ಕಾಣುವುದಿಲ್ಲ. ಮೌಶಿಯ ಬೆರಳು ಹೊಲಿಗೆ ಹಾಕುವುದನ್ನು ಮಗಳು ಹತ್ತಿರದಿಂದ ತೆಗೆದಿದ್ದ ವಿಡಿಯೋ ಒಂದು ಸ್ಲೈಡಿನಲ್ಲಿತ್ತು. ಸ್ಲೈಡಿನೊಳಗಿನ ವಿಡಿಯೋ ಈ ಸಾಫ್ಟ್‌ವೇರಿಗೆ ಸಿಗುವುದಿಲ್ಲವಾದ್ದರಿಂದ, ಅದು ಬರುವ ಜಾಗದಲ್ಲಿ ಒಂದು ಕರಿ ಚೌಕ ನಿಂತಿತ್ತು. ಇದೆಲ್ಲವನ್ನೂ ಸಾಫ್ಟ್‌ವೇರಿನವರ ಸಹಾಯ ಪುಟದಲ್ಲಿ ಮೂರೇ ಸಾಲಿನಲ್ಲಿ ಬರೆದಿದ್ದರು. ಪಾಠದ ಹಿಂದಿನ ದಿನ ಓದಬೇಕಾದ ಸಾಲುಗಳನ್ನು ನಾನು ಆಗ ಓದಿದೆ.

ಮೌಶಿಗೆ ತಿಳಿಯುವ ಮೊದಲೇ ಸರಿಮಾಡಿಬಿಡೋಣ ಎಂದು ಭಾನುವಾರ ಅವರ ಮಗಳಿಂದ ಸ್ಲೈಡು ತರಿಸಿಕೊಂಡೆ. ಹೆಡ್‌ಫೋನು ಕಳಚಿಟ್ಟು, ಅವುಗಳನ್ನು ಓಡಿಸುತ್ತಾ ನಾನೇ ಪಾಠ ಮಾಡಿ ರೆಕಾರ್ಡ್ ಮಾಡಿದೆ. ಸ್ಲೈಡಿನ ಅನಿಮೇಷನ್ನಿನಲ್ಲಿ ಮೌಶಿಯ ಆನೆ ಹೊಲಿಗೆ ಹೊಲಿಗೆಯಾಗಿ ಮೂಡಬೇಕಿತ್ತು. ನನ್ನ ರೆಕಾರ್ಡಿಂಗಿನಲ್ಲಿ ಮೊದಲು ಬಾಲ ಬಂತು, ಸ್ವಲ್ಪ ಹೊತ್ತು ಏನೂ ಬರಲಿಲ್ಲ, ಆಮೇಲೆ ಇಡೀ ಆನೆ ಒಮ್ಮೆಲೇ ಹಾರಿ ಬಂತು.

ವಸುಧಾ ಕೇಳಿಸಿಕೊಂಡಳು. "ಮುರ್ಗಿ ಅಂದ್ರ ಕಸೂತಿ ಹೊಲಿಗಿ, ಕೋಳಿ ಅಲ್ಲ. ನೀವು ಅಡಗಿ ಹೇಳಿದಂಗ ಹೇಳ್ಲಿಕತ್ತೀರಿ. ಸುಮ್ನ ಮೌಶಿಗೆ ಖರೇ ಹೇಳ್ರಿ."

ಹೇಳಿದೆ. ಮೌಶಿಗೆ ಫೋನು ಮಾಡಿ ನಡೆದದ್ದನ್ನೆಲ್ಲ ಒಪ್ಪಿಕೊಂಡೆ. ಅವರು ಅಷ್ಟು ವಾರ ಕಷ್ಟಪಟ್ಟು ಮಾಡಿದ್ದು ಅಕ್ಕನಿಗೆ ತಲುಪಲಿಲ್ಲವಲ್ಲ ಎಂದು ನನಗೆ ನಿಜಕ್ಕೂ ನಾಚಿಕೆಯಾಯಿತು.

"ತಪ್ಪಾಯ್ತು ಮೌಶಿ," ಎಂದೆ.

"ಇರ್ಲಿ ಬಿಡ್ರಿ," ಎಂದರು. "ಅಕ್ಕ ಎದ್ದಿರೋ ಹೊತ್ತಿಗೆ ಅಕಿಗೇ ಫೋನ್ ಹಚ್ಚಿ ತೋರಸ್ತೀನಿ."

ಇಷ್ಟು ಸುಲಭದ ಉಪಾಯ ನನಗೆ ಹೊಳೆದಿರಲಿಲ್ಲ.

ಶುಕ್ರವಾರ ಸಂಜೆ ಎಂಟಕ್ಕೆ ಹೇವರ್ಡಿನ ಅಡುಗೆಮನೆಯ ಮೇಜಿನ ಮುಂದೆ ಎಲ್ಲರೂ ಸೇರಿದೆವು. ಧಾರವಾಡದಲ್ಲಿ ಬೆಳಗಾಗಿತ್ತು. ಸ್ಲೈಡು ಯಾರಿಗೂ ಬೇಕಾಗಲಿಲ್ಲ. ಮೌಶಿ ಬಟ್ಟೆಯ ಮೇಲೆ ಹೊಲಿಗೆ ಹಾಕುತ್ತಾ ಹೋದರು. ಅತ್ತೆ ಅಲ್ಲಿಂದಲೇ, "ಗಂಟು ಹಾಕಬ್ಯಾಡ, ಹಿಂದ ತಿರುಗಿಸಿ ತೋರಸು," ಎಂದು ಪರೀಕ್ಷೆ ಮಾಡಿದರು. ಅಕ್ಕತಂಗಿಯರು ನಕ್ಕರು, ಒಂದು ಬಣ್ಣದ ವಿಷಯಕ್ಕೆ ಜಗಳವನ್ನೂ ಆಡಿದರು.

ಫೋನು ಹಿಡಿದು ನಿಲ್ಲುವ ಜವಾಬ್ದಾರಿಯನ್ನು ನನಗೆ ಒಪ್ಪಿಸಿದ್ದರು. ಹತ್ತು ನಿಮಿಷವಾಗಿರಬಹುದು.

"ವಸೂ," ಎಂದರು ಅತ್ತೆ, "ಅಳಿಯಂದ್ರ ಕೈ ಭಾಳ ನಡಗತದ. ಬ್ಯಾರೆ ಏನರೆ ಇದ್ರ ನೋಡವಾ."

ವಸುಧಾ ನನ್ನ ಕೈಯಿಂದ ಫೋನು ತೆಗೆದು ಉಪ್ಪಿನಕಾಯಿ ಬಾಟಲಿಗೆ ಒರಗಿಸಿ ಇಟ್ಟಳು. ಬಾಟಲಿ ಒಂದೂವರೆ ಗಂಟೆ ಅಲುಗದೆ ನಿಂತಿತ್ತು. ಅದರ ಬಗ್ಗೆ ಯಾರೂ ದೂರಲಿಲ್ಲ.