ಬಸ್ಸಿನಲ್ಲಿ ಹೋಗುವವರ ಕಾರು

ಹೊಸ ಕಾರು ಕೊಳ್ಳುವುದಕ್ಕೆ ದುಡ್ಡು ಬೇಕು, ಹಳೆಯ ಕಾರು ಕೊಳ್ಳುವುದಕ್ಕೆ ಧೈರ್ಯ ಬೇಕು. ಎರಡೂ ಇಲ್ಲದವನು ಏನು ಮಾಡಬೇಕೆಂದು ತಿಳಿದವರು ಯಾರೂ ಹೇಳಿಲ್ಲ. ನಾನು ಹುಟ್ಟಾ ಚಿಂತೆಗಾರ. ಗ್ಯಾಸ್ ಬಂದ್ ಮಾಡಿದೆನೋ ಇಲ್ಲವೋ ಎಂದು ಅರ್ಧ ದಾರಿಯಿಂದ ಮನೆಗೆ ತಿರುಗಿ ಬರುವವನು. ಬಂದು ನೋಡಿ ಹೊರಟ ಮೇಲೆ, ಈಗ ಬೀಗ ಹಾಕಿದೆನೋ ಇಲ್ಲವೋ ಎಂದು ಮತ್ತೆ ತಿರುಗುವವನು. ಮಳೆಗಾಲದಲ್ಲಿ ಮಳೆ ಬಂದರೆ ನೆರೆಯ ಚಿಂತೆ, ಬಾರದಿದ್ದರೆ ಬಾವಿಯ ಚಿಂತೆ. ನಾನು ಹುಟ್ಟಿದಾಗ ಅತ್ತದ್ದು ಎಲ್ಲ ಮಕ್ಕಳಂತೆ ಹಸಿವಿಗಲ್ಲ, ಆಸ್ಪತ್ರೆಯ ಬಿಲ್ಲು ನೆನೆದುಕೊಂಡು ಎಂದು ನನ್ನ ಹೆಂಡತಿ ಸುನಂದಾ ಹೇಳುವುದುಂಟು. ಇಂಥವನು ಐವತ್ತರ ಹತ್ತಿರಕ್ಕೆ ಬಂದು, ಯಾರೋ ಓಡಿಸಿ ಬಿಟ್ಟ ಕಾರೊಂದನ್ನು ಹುಡುಕಿಕೊಂಡು ಕಾರವಾರ, ಅಂಕೋಲೆ ಎಂದು ತಿರುಗಿದ ಕಥೆಯನ್ನು ನೆನೆದರೆ ನನಗೇ ಬೆರಗಾಗುತ್ತದೆ.

ಕಾರು ಬೇಕಾದದ್ದು ನನಗಲ್ಲ, ಆಯಿಗೆ, ಅಂದರೆ ನನ್ನ ತಾಯಿಗೆ. ನಾವಿರುವುದು ಶಿರವಾಡದಲ್ಲಿ. ಆಯಿಯ ಅಕ್ಕ, ನನ್ನ ದೊಡ್ಡಾಯಿ, ಇರುವುದು ಹಟ್ಟಿಕೇರಿಯಲ್ಲಿ. ಮೊದಲೆಲ್ಲ ಆಯಿ ಮನಸ್ಸು ಬಂದಾಗ ಬಸ್ಸು ಹತ್ತಿ ಅಕ್ಕನ ಮನೆಗೆ ಹೋಗಿ ಬರುತ್ತಿದ್ದಳು. ಮೊಣಕಾಲು ಕೈಕೊಟ್ಟ ಮೇಲೆ ಬಸ್ಸಿನ ಮೆಟ್ಟಿಲು ಅವಳಿಗೆ ಘಟ್ಟದಷ್ಟು ಎತ್ತರವಾಯಿತು. ಕೊನೆಯ ಸಲ ಹೋದಾಗ ಕಂಡಕ್ಟರ್ ಮೇಲಿನಿಂದ ಎಳೆದು, ಇಬ್ಬರು ಹಿಂದಿನಿಂದ ನೂಕಿ ಅವಳನ್ನು ಹತ್ತಿಸಿದರಂತೆ. ಮನೆಗೆ ಬಂದವಳೇ, "ಮನ್ಶರು ಹತ್ತೂ ಹಂಗೆ ಹತ್ತೂಕಾದ್ರೆ ಹೋಗೂದು. ಅಕ್ಕಿ ಚೀಲದ ಹಂಗೆ ಹೋಗೂಕೆ ನಾ ಇಲ್ಲ" ಎಂದಳು. ಅಂದಿನಿಂದ ಹೋಗಲಿಲ್ಲ. ಬಾಡಿಗೆ ಕಾರು ತರಿಸುತ್ತೇನೆಂದರೆ ಅದಕ್ಕೂ ಒಪ್ಪಿಗೆಯಿಲ್ಲ. "ಡ್ರೈವರ್ ಅಂಗಳದಲ್ಲಿ ವಾಚು ನೋಡ್ತಾ ನಿಂತ್ರೆ ಅಕ್ಕನ ಹತ್ರ ಎಂತ ಬಾಯಿ ಬಿಡೂದು?" ಅಕ್ಕತಂಗಿಯರ ಮಾತು ಫೋನಿಗೆ ಇಳಿಯಿತು. ಅವರಿಬ್ಬರ ಗಂಟಲಿಗೆ ಫೋನಿನ ಅಗತ್ಯವೇನೂ ಇರಲಿಲ್ಲ, ಆದರೂ ಹಿಡಿದುಕೊಳ್ಳುತ್ತಿದ್ದರು. "ನಾ ಸತ್ತಾಗ ಬಾರೆ, ಆಗಾದ್ರೂ ಯಾರಾದ್ರೂ ಗಾಡಿ ಮಾಡ್ತಾರೆ" ಎಂದು ಆ ಕಡೆಯಿಂದ ದೊಡ್ಡಾಯಿ. "ನೀನೇ ಮೊದ್ಲು ಹೋಗೂದು ಅಂತ ಯಾರು ಹೇಳಿದ್ರು ನಿಂಗೆ?" ಎಂದು ಈ ಕಡೆಯಿಂದ ಆಯಿ. ಇಬ್ಬರೂ ನಗುತ್ತಿದ್ದರು. ಫೋನು ಇಟ್ಟ ಮೇಲೆ ಆಯಿ ಅದನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದಳು. ಅದನ್ನು ನೋಡಿಯೇ ಸುನಂದಾ ಡ್ರೈವಿಂಗ್ ಕಲಿತು ಲೈಸೆನ್ಸು ಮಾಡಿಸಿಕೊಂಡು ಬಂದು, "ಇನ್ನು ಗಾಡಿ ನೋಡೂ ಕೆಲಸ ನಿಮ್ದು" ಎಂದಳು. ನನಗೂ ಲೈಸೆನ್ಸಿದೆ. ಆದರೆ ನಾನು ಓಡಿಸಿದರೆ ಎದುರಿನಿಂದ ಬರುವವರೆಲ್ಲರ ಕುಟುಂಬದ ಭವಿಷ್ಯ ನನ್ನ ಕಣ್ಣಮುಂದೆ ಬರುವುದರಿಂದ ಗಾಡಿ ಮುಂದೆ ಹೋಗುವುದಿಲ್ಲ.

ನಮ್ಮ ಕರಾವಳಿಯಲ್ಲಿ ಹಳೆ ಕಾರು ನೋಡುವವರು ಎಂಜಿನ್ನಿಗಿಂತ ಮೊದಲು ಹೊಟ್ಟೆ ನೋಡಬೇಕು. ಕಡಲ ಗಾಳಿಯ ಉಪ್ಪು ಮೇಲಿನ ಬಣ್ಣಕ್ಕೆ ಏನೂ ಮಾಡದೆ, ಕೆಳಗಿನಿಂದ ಗೆದ್ದಲಿನ ಹಾಗೆ ತಿನ್ನುತ್ತದೆ. ಹೀಗಾಗಿ ನಾನು ಟಾರ್ಚು ಹಿಡಿದು ಊರ ಕಾರುಗಳ ಕೆಳಗೆ ಅಂಗಾತ ಮಲಗುವುದನ್ನು ಕಲಿತೆ. ಒಂದು ಕಾರಿನಲ್ಲಿ ಕಾಲಿಡುವಲ್ಲಿನ ಮ್ಯಾಟು ಎತ್ತಿದರೆ ಕೆಳಗಿನ ನೆಲ ಕಂಡಿತು, ನೆಲದ ಮೇಲೆ ಹೋಗುತ್ತಿದ್ದ ಇರುವೆ ಸಾಲೂ ಕಂಡಿತು. ಮಾರುವವನು ಸ್ವಲ್ಪವೂ ವಿಚಲಿತನಾಗದೆ, "ಮಳೆಗಾಲದಲ್ಲಿ ಒಳಗೆ ನೀರು ನಿಲ್ಲೂದಿಲ್ಲ, ಅದೊಂದು ಒಳ್ಳೇದು" ಎಂದ. ಇನ್ನೊಂದು ಕಾರಿನ ಕನ್ನಡಿಗೆ ಸುಗಂಧದ ಬಾಟಲಿಗಳು ಗೊಂಚಲಾಗಿ ತೂಗುತ್ತಿದ್ದವು. ಅವುಗಳ ನಡುವಿನಿಂದಲೂ ಒಂದು ವಾಸನೆ ದಾರಿ ಮಾಡಿಕೊಂಡು ಬರುತ್ತಿತ್ತು. ಆ ಕಾರನ್ನು ತೋರಿಸಲು ಮಾಲೀಕನೇ ನಮ್ಮ ಮನೆಗೆ ತಂದಿದ್ದರಿಂದ ಆಯಿ ಬಾಗಿಲಲ್ಲಿ ತಲೆ ಹಾಕಿ, ಕಣ್ಣು ಮುಚ್ಚಿ, ಉಸಿರೆಳೆದುಕೊಂಡಳು. "ಒಣ ಬಂಗಡೆ" ಎಂದು ಮೀನು ಗುರುತಿಸಿದಳು. ಮತ್ತೊಮ್ಮೆ ಎಳೆದುಕೊಂಡು, "ಒಳ್ಳೆ ಬಿಸಿಲಲ್ಲಿ ಒಣಗಿಸಿದ್ದು" ಎಂದು ಶಿಫಾರಸು ಮಾಡಿದಳು. ಆದರೆ ಸೀಟು ತಗ್ಗಾಗಿತ್ತು. ಕೂತವಳನ್ನು ಎಬ್ಬಿಸಲು ನಾವಿಬ್ಬರೂ ಬೇಕಾಯಿತು. ಬಂಗಡೆಯ ಕಾರು ಹಾಗೇ ಹೋಯಿತು.

ಆಮೇಲೆ ಸಿಕ್ಕವರು ವಸಂತಣ್ಣ. ಕೈಗಾ ಅಣು ಸ್ಥಾವರದಲ್ಲಿ ಕೆಲಸ ಮಾಡಿ ನಿವೃತ್ತರಾಗಿ ಅಂಕೋಲೆಯಲ್ಲಿ ಮನೆ ಕಟ್ಟಿಕೊಂಡವರು. 'ಕೈಗಾದವರ ಗಾಡಿ' ಎಂದರೆ ನಮ್ಮ ಕಡೆ ಒಂದು ತೂಕವಿದೆ. ಅವರೆಲ್ಲ ಕಂಪನಿ ಬಸ್ಸಿನಲ್ಲಿ ಕೆಲಸಕ್ಕೆ ಹೋಗಿ ಬರುತ್ತಾರೆ. ಕಾರು ನೆರಳಲ್ಲಿ ನಿದ್ದೆ ಮಾಡುತ್ತಿರುತ್ತದೆ. ಒಂದು ಭಾನುವಾರ ನಾನೂ ಸುನಂದಾನೂ ಅವರ ಮನೆಗೆ ಹೋದೆವು. ವಸಂತಣ್ಣ ಮೊದಲು ಕೈಕಾಲು ತೊಳೆದು ಬಂದರು. ಕಾರಿಗೆ ಹೊದಿಸಿದ್ದ ಹಳೆಯ ಹತ್ತಿ ಸೀರೆಯನ್ನು ಮಲಗಿದ ಮಗುವಿನ ಹೊದಿಕೆ ತೆಗೆಯುವ ಹಾಗೆ ಒಂದು ಅಂಚಿನಿಂದ ತೆಗೆದರು. ಆ ಬಿಳಿ ಬಾಗಿಲಿನಲ್ಲಿ ನನ್ನ ಮುಖ ಕಾಣಿಸಿತು, ಮುಖದ ಮೇಲಿನ ಚಿಂತೆಯೂ ಗೆರೆಗೆರೆಯಾಗಿ ಕಾಣಿಸಿತು. ರೂಢಿಯಂತೆ ಟಾರ್ಚು ಹಿಡಿದು ಕೆಳಗೆ ಮಲಗಿದೆ. ಅಲ್ಲಿ ತುಕ್ಕಿನ ಒಂದು ಚುಕ್ಕೆಯಿಲ್ಲ. ಹಳೆಯ ಎಂಜಿನ್ ಎಣ್ಣೆಯನ್ನು ಬಟ್ಟೆಯಲ್ಲಿ ಅದ್ದಿ ಪ್ರತಿ ಮಳೆಗಾಲಕ್ಕೆ ಮುಂಚೆ ಹಚ್ಚುತ್ತಾರಂತೆ. ಎಣ್ಣೆ ಹಚ್ಚಿ ಮಿಂದ ಬಾಣಂತಿಯಂತೆ ಇತ್ತು ಆ ಹೊಟ್ಟೆ. ನನಗೆ ಮೇಲೇಳುವ ಮನಸ್ಸೇ ಆಗಲಿಲ್ಲ. ಗುಡಿಯ ಮಾಡಿನ ಕೆತ್ತನೆ ನೋಡುವವನ ಹಾಗೆ ಬಿದ್ದುಕೊಂಡಿದ್ದೆ.

ಎದ್ದು ಕೂತ ಮೇಲೆ ಪರೀಕ್ಷೆ ಶುರುವಾಯಿತು. ನಾವು ಕಾರನ್ನಲ್ಲ, ವಸಂತಣ್ಣ ನಮ್ಮನ್ನು. "ಕಡಲ ಬದಿಗೆ ಒಯ್ತ್ರಾ?" ಇಲ್ಲ ಎಂದೆ. "ಒಯ್ದ್ರೆ ಬಂದ ಕೂಡ್ಲೆ ಬಾವಿ ನೀರಲ್ಲಿ ತೊಳೀಬೇಕು. ನಲ್ಲಿ ನೀರು ಬೇಡ." ಆಗಲಿ ಎಂದೆ. "ಮೀನು ತರ್ತ್ರಾ ಇದ್ರಲ್ಲಿ?" ಇಲ್ಲವೇ ಇಲ್ಲ ಎಂದೆ. "ಹೊಡಿಯೂರು ಯಾರು?" ಸುನಂದಾ ಕೈ ಎತ್ತಿದಳು. ಅವರು ಅವಳನ್ನು ನೋಡಿದರು, ನನ್ನನ್ನು ನೋಡಿದರು, ಸ್ವಲ್ಪ ಸಮಾಧಾನವಾದಂತೆ ಕಂಡಿತು. ಅಷ್ಟಕ್ಕೇ ಬಿಡಲಿಲ್ಲ. ಮುಂದಿನ ವಾರ ಶಿರವಾಡಕ್ಕೆ ಬಂದು ಕಾರು ನಿಲ್ಲುವ ಜಾಗ ನೋಡಿದರು. ಬಂದದ್ದು ಬಸ್ಸಿನಲ್ಲಿ. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಲು ಬಂದವರ ಹಾಗೆ ಅಂಗಳದಲ್ಲಿ ನಿಂತು ಮೇಲೆ ನೋಡಿ, "ಈ ತೆಂಗಿನ ಮರದ ಕಾಯಿ ಬಿದ್ರೆ?" ಎಂದರು. ಆ ಅಂಗಳದಲ್ಲಿ ನಾನು ವರ್ಷಗಟ್ಟಲೆ ಚಿಂತಿಸಿದ್ದೇನೆ. ಈ ಚಿಂತೆ ನನಗೆ ಹೊಳೆದಿರಲಿಲ್ಲ. "ಕಾಯಿ ತಪ್ಪಿ ಮಡ್ಲು ಬಿದ್ರೆ?" ಎಂದು ಒಣಗಿದ ಗರಿ ತೋರಿಸಿದರು. "ಮಡ್ಲು ತಪ್ಪಿ, ಗಾಳಿಗೆ ಮರವೇ ಬಿದ್ರೆ?" ನನ್ನ ಮೈಮೇಲೆ ಮುಳ್ಳು ಎದ್ದವು. ಇಷ್ಟು ವರ್ಷ ನಾನೇ ಈ ವಿದ್ಯೆಯಲ್ಲಿ ನಿಪುಣ ಎಂದುಕೊಂಡಿದ್ದೆ. ಅಂದು ಗುರುವಿನ ದರ್ಶನವಾಯಿತು. ಅವರ ಮುಂದೆ ನಾನು ಇನ್ನೂ ಓನಾಮ ತಿದ್ದುವವನು.

ಜಾಗ ಒಪ್ಪಿಗೆಯಾದರೂ ಮಾತು ಮುಗಿಯಲಿಲ್ಲ. "ಪ್ರಸಾದ ಕೇಳ್ದೆ ನಾ ಗಾಡಿ ಕೊಡೂದಿಲ್ಲ" ಎಂದರು. ನಮ್ಮ ಕಡೆ ಮದುವೆಯಿರಲಿ, ಮನೆಯಿರಲಿ, ದೊಡ್ಡ ನಿರ್ಧಾರವನ್ನು ದೇವರ ಮುಂದಿಡುವುದು ವಾಡಿಕೆ. ಪೂಜೆಯವರು ಮೂರ್ತಿಯ ಎರಡೂ ಬದಿಗೆ ಒದ್ದೆ ಹೂವು ಅಂಟಿಸುತ್ತಾರೆ. ಬಲಗಡೆಯದು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಬೇಡ. ನನಗೂ ಖುಷಿಯಾಯಿತು. ಮುಂದೆ ಏನೇ ಆದರೂ ಜವಾಬ್ದಾರಿ ಹಂಚಿಕೊಳ್ಳಲು ಒಬ್ಬರು ಸಿಕ್ಕ ಹಾಗಾಯಿತು.

ಆ ದಿನ ಆಯಿಯೂ ಹೊರಟಳು. "ನಾ ಕೂರೂ ಗಾಡಿ ನಾ ನೋಡ್ದೆ ಹೆಂಗೆ?" ಬಾಡಿಗೆ ಕಾರಿನಲ್ಲಿ ಅವಳನ್ನು ಹೇಗೋ ಹಿಡಿದು ಕೂರಿಸಿಕೊಂಡು ಅಂಕೋಲೆಗೆ ಹೋಗಿ, ಆ ಕಾರನ್ನು ಕಳಿಸಿಬಿಟ್ಟೆವು. ವಸಂತಣ್ಣ ತಮ್ಮ ಕಾರಿನ ಬಾಗಿಲು ತೆರೆದರು. ಆಯಿ ಬೆನ್ನು ತಿರುಗಿಸಿ ನಿಂತಳು, ಹಿಂದಕ್ಕೆ ಒರಗಿದಳು, ಕೂತಳು. ಆಮೇಲೆ ಒಂದೊಂದೇ ಕಾಲನ್ನು ತಾನೇ ಎತ್ತಿ ಒಳಗಿಟ್ಟುಕೊಂಡಳು. ಯಾರೂ ಎಳೆಯಲಿಲ್ಲ, ಯಾರೂ ನೂಕಲಿಲ್ಲ. ಸೆರಗು ಸರಿಮಾಡಿಕೊಂಡು ನೇರ ಎದುರಿಗೆ ನೋಡಿದಳು. ಅದೇ ಕ್ಷಣದಲ್ಲಿ, ಹೂವು ಎಡಕ್ಕೆ ಬಿದ್ದರೆ ಏನು ಗತಿ ಎಂಬ ಚಿಂತೆ ನನಗೆ ಹುಟ್ಟಿತು.

ಗುಡಿ ಹೆದ್ದಾರಿಯ ಬದಿಯಲ್ಲೇ ಇತ್ತು. ವಸಂತಣ್ಣ ಕಾರನ್ನು ದೇವರ ಪಲ್ಲಕ್ಕಿಯ ವೇಗದಲ್ಲಿ ತಂದು ನೆರಳಿಗೆ ನಿಲ್ಲಿಸಿದರು. ಆಯಿಗೆ ಗುಡಿಯ ಮೆಟ್ಟಿಲು ಹತ್ತಲಾಗುವುದಿಲ್ಲವೆಂದು ಸುನಂದಾ ಅವಳ ಜೊತೆ ಕಾರಲ್ಲೇ ಉಳಿದಳು. "ಸೆಕೆಯಾದ್ರೆ ಎಸಿ ಹಾಕ್ಕಳಿ" ಎಂದು ವಸಂತಣ್ಣನೇ ಕೀಲಿ ಕೊಟ್ಟರು. ಒಳಗೆ ಪೂಜೆಯ ಗುನಗರು ಹೂವು ಅಂಟಿಸಿ, "ಈ ಗಾಡಿ ಈ ಮಗನ ಕೈಯಿಂದ ಆ ಮಗನ ಕೈಗೆ ಹೋಗೂದು ಒಳ್ಳೇದಾದ್ರೆ ಬಲಕ್ಕೆ ಕೊಡು, ಬ್ಯಾಡಾದ್ರೆ ಎಡಕ್ಕೆ ಕೊಡು" ಎಂದು ಕೇಳಿಕೊಂಡರು. ನಾವಿಬ್ಬರೂ ಕೈ ಮುಗಿದು, ರೆಪ್ಪೆ ಬಡಿಯದೆ ನಿಂತೆವು. ಹೂವು ಬೀಳಲಿಲ್ಲ. ಗುನಗರು ಮತ್ತೆ ಕೇಳಿಕೊಂಡರು. ಬೀಳಲಿಲ್ಲ. ನಮ್ಮ ಹಿಂದೆ ಕಾಯುತ್ತಿದ್ದವರು ಬೇಸತ್ತು ಹೊರಗಿನ ಕಟ್ಟೆಗೆ ಹೋಗಿ ಕೂತರು. ಕೊನೆಗೆ ಗುನಗರು ವಸಂತಣ್ಣನ ಕಡೆ ತಿರುಗಿ, "ಕೊಡೂ ಮನಸು ಪೂರಾ ಇದ್ಯೋ ಇಲ್ವೋ? ಅರ್ಧ ಮನಸಲ್ಲಿ ಕೇಳಿದ್ರೆ ದೇವ್ರಾದ್ರೂ ಎಂತ ಹೇಳೂದು?" ಎಂದರು. ವಸಂತಣ್ಣ ಮುಗಿದ ಕೈಯನ್ನು ಹಣೆಗೆ ಒತ್ತಿಕೊಂಡರು. ನಾನು ಬಲಗಡೆಯ ಹೂವನ್ನೇ ದಿಟ್ಟಿಸುತ್ತಿದ್ದೆ. ಆಯಿ ತಾನಾಗಿ ಕೂತ ಕಾರು ಈ ಭೂಮಿಯ ಮೇಲೆ ಅದೊಂದೇ.

ಆಗ ಹೊರಗೆ ಕಾರು ಹೊರಟ ಸದ್ದಾಯಿತು. ಮೂವರೂ ಒಟ್ಟಿಗೆ ಬಾಗಿಲ ಕಡೆ ತಿರುಗಿದೆವು. ಬಿಳಿ ಕಾರು ನೆರಳಿನಿಂದ ಸರಿದು, ಬಲಕ್ಕೆ ಸಿಗ್ನಲ್ ಹಾಕಿ, ಹೆದ್ದಾರಿಗೆ ಇಳಿದು ಹಟ್ಟಿಕೇರಿಯ ಕಡೆಗೆ ಹೋಯಿತು. ತಿರುಗಿ ನೋಡಿದರೆ ಪೀಠದ ಕೆಳಗೆ ನಡುಮಧ್ಯದಲ್ಲಿ ಒಂದು ಹೂವು ಬಿದ್ದಿದೆ. ಮೂರ್ತಿಯ ಎರಡೂ ಬದಿ ಖಾಲಿ. ಇನ್ನೊಂದು ಹೂವು ಎಲ್ಲಿ ಹೋಯಿತೋ, ಅಭಿಷೇಕದ ನೀರಿನ ಜೊತೆ ಹರಿದುಹೋಗಿತ್ತೋ, ಯಾರಿಗೂ ತಿಳಿಯದು. "ಯಾವ್ದು ಮೊದ್ಲು ಬಿತ್ತು?" ಎಂದು ವಸಂತಣ್ಣ ಕೇಳಿದರು. "ನಾನೂ ಗಾಡಿ ನೋಡ್ತಿದ್ದೆ" ಎಂದರು ಗುನಗರು. "ಮತ್ತೊಂದ್ಸಲ ಕೇಳ್ವಾ" ಎಂದೆ ನಾನು. "ಕೊಟ್ಟ ಮೇಲೆ ಮತ್ತೆ ಕೇಳೂಕಾಗೂದಿಲ್ಲ. ಅವ ಹೇಳಿಯಾಗದೆ. ನೀವು ಕೇಳಿಸ್ಕಳ್ಳಿಲ್ಲ" ಎಂದು ಅವರು ಮುಂದಿನವರನ್ನು ಕರೆದರು.

ಕಟ್ಟೆಯ ಮೇಲೆ ಕೂತು ಆಯಿಗೆ ಫೋನು ಮಾಡಿದೆ. "ಹೂವಿನ ಕೆಲಸ ನಿಮ್ದು ಮುಗಿಯೂದ್ರೊಳಗೆ ಅಕ್ಕನ ಮುಖ ನೋಡ್ಕಂಡು ಬತ್ತೆ. ಹಟ್ಟಿಕೇರಿ ಬಂತು, ಇಡು" ಎಂದಳು. ವಸಂತಣ್ಣ ಹೆದ್ದಾರಿಯ ಮೇಲೆ ಕಣ್ಣು ನೆಟ್ಟು, "ಲಾರಿ ಬದಿಯಿಂದ ಬಂದ್ರೆ?" ಎಂದರು. "ದನ ಅಡ್ಡ ಬಂದ್ರೆ?" ಎಂದರು. ನಾನು ಅವರ ಬೆನ್ನ ಮೇಲೆ ಕೈಯಿಟ್ಟು, "ಎಂತದೂ ಆಗೂದಿಲ್ಲ, ಬಿಡಿ" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದೆಂದು ನಂಬಲಿಕ್ಕೆ ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಜೀವಮಾನದಲ್ಲಿ ಮೊದಲ ಸಲ ನಾನು ಇನ್ನೊಬ್ಬರಿಗೆ ಧೈರ್ಯ ಹೇಳಿದ್ದೆ.

ಹೊತ್ತು ನೆತ್ತಿ ದಾಟಿದ ಮೇಲೆ ಕಾರು ಬಂತು. ಆಯಿ ಒಂದು ಕಾಲು, ಆಮೇಲೆ ಇನ್ನೊಂದು ಕಾಲು ಹೊರಗಿಟ್ಟು, ಬಾಗಿಲು ಹಿಡಿದು ತಾನೇ ಎದ್ದು ನಿಂತಳು. ಕಣ್ಣು ಕೆಂಪಾಗಿತ್ತು, ಬಾಯಿ ವೀಳ್ಯದಿಂದ ಅದಕ್ಕಿಂತ ಕೆಂಪಾಗಿತ್ತು. ಕೈಯಲ್ಲಿ ಪ್ಲಾಸ್ಟಿಕ್ಕಿನೊಳಗೆ ಪ್ಲಾಸ್ಟಿಕ್ಕು ಸುತ್ತಿದ ಒಂದು ಪೊಟ್ಟಣ. ಎಷ್ಟು ಸುತ್ತಿದ್ದರೂ ವಾಸನೆ ಅವಳಿಗಿಂತ ಮೊದಲೇ ಇಳಿದು ನಮ್ಮ ಹತ್ತಿರ ಬಂದಿತ್ತು. ಅದನ್ನು ವಸಂತಣ್ಣನ ಕೈಗಿಟ್ಟು, "ಅಕ್ಕ ಕೊಟ್ಲು. ಗಾಡಿ ಕೊಡೂ ಪುಣ್ಯಾತ್ಮನ ಹತ್ರ ಬರಿಗೈಲಿ ಹೆಂಗೆ ಹೋಗ್ತೆ ಅಂತ. ಒಣ ಬಂಗಡೆ" ಎಂದಳು. ವಸಂತಣ್ಣ ಪೊಟ್ಟಣ ನೋಡಿದರು, ಕಾರು ನೋಡಿದರು. ಬಾಗಿಲು ತೆರೆದು ತಲೆ ಒಳಗೆ ಹಾಕಿ ಉಸಿರೆಳೆದುಕೊಂಡರು. ಮತ್ತೊಮ್ಮೆ ಎಳೆದುಕೊಂಡರು. ಆಮೇಲೆ ಹೊರಗೆ ಬಂದು ಪೊಟ್ಟಣವನ್ನು ಕಂಕುಳಲ್ಲಿ ಭದ್ರ ಮಾಡಿಕೊಂಡು, "ಇನ್ನು ಇದು ನಮ್ಮನೆ ಗಾಡಿ ಅಲ್ಲ. ಒಯ್ರಿ" ಎಂದರು. ಬೇಡ ಬೇಡವೆಂದರೂ ಆ ಕಾರಿನಲ್ಲಿ ಕೂರದೆ ನಡೆದೇ ಮನೆಗೆ ಹೋದರು. ಕಾಗದಪತ್ರದ ಕೆಲಸವೆಲ್ಲ ಆಮೇಲೆ ಸಲೀಸಾಗಿ ಮುಗಿಯಿತು.

ಈಗ ಆಯಿ ಮನಸ್ಸು ಬಂದಾಗ ಹಟ್ಟಿಕೇರಿಗೆ ಹೋಗುತ್ತಾಳೆ. ನಾನು ಕಾರಿನ ಮೇಲೆ ಅವಳ ಹಳೆಯ ಸೀರೆ ಹೊದಿಸಿದ್ದೇನೆ. ಅಂಗಳದ ತೆಂಗಿನ ಮರದ ಕಾಯಿಗಳನ್ನು ಎಳೆಯವಾಗಿರುವಾಗಲೇ ಕೆಡವಿಸುತ್ತೇನೆ. ಮನೆಮಂದಿಯೆಲ್ಲ ಎಳನೀರು ಕುಡಿದು ಬೇಸತ್ತಿದ್ದಾರೆ. ನನ್ನ ಕಚೇರಿ ಕಡಲ ಬದಿಗಿರುವುದರಿಂದ, ಉಪ್ಪುಗಾಳಿಯಲ್ಲಿ ಕಾರು ನಿಲ್ಲಿಸಲು ಮನಸ್ಸೊಪ್ಪದೆ ಬಸ್ಸಿನಲ್ಲೇ ಹೋಗುತ್ತೇನೆ. ಹೂವು ಯಾವ ಕಡೆಯದು ಮೊದಲು ಬಿತ್ತು ಎಂಬುದನ್ನು ಯೋಚಿಸಲು ಬಸ್ಸು ಒಳ್ಳೆಯ ಜಾಗ. ಮೊನ್ನೆ ಕಚೇರಿ ಕೆಲಸದ ಮೇಲೆ ಅಂಕೋಲೆಗೆ ಹೋಗಬೇಕಾಗಿ, ಬಸ್ಸಿನಲ್ಲಿ ಜಾಗ ಸಿಗದೆ ಕಂಬಿ ಹಿಡಿದು ಜೋತಾಡುತ್ತಿದ್ದೆ. ಪಕ್ಕದಲ್ಲಿ ಒಂದು ಬಿಳಿ ಕಾರು ಗಂಭೀರವಾಗಿ ನಮ್ಮನ್ನು ದಾಟಿತು. ಮುಂದಿನ ಸೀಟಿನಲ್ಲಿ ಕೂತ ಆಯಿ ಬಸ್ಸಿನ ಕಡೆ ಕತ್ತೆತ್ತಿ, ನಿಂತವರನ್ನೆಲ್ಲ ಕನಿಕರದಿಂದ ನೋಡಿ ಮುಂದೆ ಹೋದಳು. ರಾಣಿ ಹೋದ ಹಾಗಿತ್ತು. ನಾನು ಕೈ ಬೀಸುವುದನ್ನೂ ಮರೆತು ನೋಡುತ್ತ ನಿಂತೆ.

ಸಂಜೆ ಮನೆಗೆ ಬಂದಾಗ ಆಯಿ ಹೇಳಿದಳು: "ಇವತ್ತು ಬಸ್ಸಲ್ಲಿ ಒಬ್ಬ ಥೇಟ್ ನಿನ್ನ ಹಂಗೇ ಇದ್ದ, ತಮಾ. ಪಾಪ, ಅವಂಗೆ ಎಂತದೋ ಚಿಂತೆ ಇತ್ತು ಕಾಣ್ತದೆ."

ಇದ್ದಿರಬಹುದು ಎಂದು ನಾನು, ಕಾರಿನ ಮೇಲಿನ ಸೀರೆ ಸರಿಯಾಗಿದೆಯೋ ಇಲ್ಲವೋ ನೋಡಲು ಅಂಗಳಕ್ಕೆ ಇಳಿದೆ.