ಅಂಚಿನಲ್ಲಿ ನೀಲಿ ಶಾಯಿ

ಎಲ್ಲ ಗೋಳಿಗೂ ಕಾರಣ, ಹಾಳೆಯ ಬಲಗಡೆ ಬಿಟ್ಟ ಎರಡು ಇಂಚು ಖಾಲಿ ಜಾಗ.

ಚಿತ್ರಕಥೆ ಬರೆಯುವುದನ್ನು ಕಲಿಸುವ ಸಂಜೆ ತರಗತಿಯ ಗುರುಗಳು ಕೊನೆಯ ದಿನಕ್ಕೊಂದು ನಿಯಮ ಮಾಡಿದ್ದರು. ಪ್ರತಿಯೊಬ್ಬರೂ ಎಂಟು ಪುಟದ ಒಂದು ದೃಶ್ಯ ಬರೆದು ಎರಡು ಪ್ರತಿ ತರಬೇಕು. ಒಂದು ಶುದ್ಧ ಪ್ರತಿ. ಇನ್ನೊಂದನ್ನು ಈ ಕಸುಬಿಗೆ ಸಂಬಂಧವೇ ಇಲ್ಲದ ಮೂವರು ಓದಿ, ಅನಿಸಿದ್ದನ್ನು ಅಂಚಿನಲ್ಲಿ ಬರೆದಿರಬೇಕು. ಸಂಜೆ ಆರಕ್ಕೆ ಒಂದು ಧಾರಾವಾಹಿಯ ಮುಖ್ಯ ಬರಹಗಾರ್ತಿ ಬಂದು ಶುದ್ಧ ಪ್ರತಿಗಳನ್ನು ನೋಡಿ, ಇಡೀ ತರಗತಿಯಲ್ಲಿ ಒಬ್ಬರನ್ನು ತಮ್ಮ ಬರವಣಿಗೆ ತಂಡಕ್ಕೆ ಆರಿಸಿಕೊಳ್ಳುವವರಿದ್ದರು.

ಆ ಒಂದು ಕುರ್ಚಿಯ ಮೇಲೆ ನಮ್ಮ ಟೈಪಿಸ್ಟ್ ಕಣ್ಣಿಟ್ಟು ಆರು ತಿಂಗಳಾಗಿತ್ತು. ನೀರು ಸರಬರಾಜು ಕಚೇರಿಯಲ್ಲಿ ಹದಿನೆಂಟು ವರ್ಷ ಬೇರೆಯವರು ಹೇಳಿದ್ದನ್ನು ಬೆರಳಲ್ಲಿ ಕುಟ್ಟಿದ್ದ. ಒಮ್ಮೆಯಾದರೂ ತಾನು ಬರೆದದ್ದನ್ನು ಬೇರೆಯವರು ಬಾಯಲ್ಲಿ ಆಡಬೇಕು ಎಂಬುದು ಅವನ ಆಸೆ. ಅಡ್ಡಿ ಒಂದೇ. ಅವನ ಪಾತ್ರಗಳು ಬಾಯಿ ಬಿಟ್ಟರೆ ಕಚೇರಿಯ ಪತ್ರದ ವಾಸನೆ ಬರುತ್ತಿತ್ತು. "ನಿಮ್ಮವರು ಮಾತಾಡಲ್ಲ ಕಣ್ರೀ, ಅರ್ಜಿ ಹಾಕ್ತಾರೆ," ಎಂದು ಗುರುಗಳು ಹೇಳಿದ ಮೇಲೆ ಮೂರು ದಿನ ಅವನಿಗೆ ಊಟ ರುಚಿಸಿರಲಿಲ್ಲ.

ಅಂದು ರಜೆ. ನರ್ಸ್ ಆಗಿದ್ದ ಹೆಂಡತಿ ಹಗಲು ಪಾಳಿಗೆ ಹೋಗಿದ್ದಳು. ಮನೆಯಲ್ಲಿ ಇದ್ದವರು ಅತ್ತೆ ಒಬ್ಬರೇ.

"ಅತ್ತೆ, ಬಿಡುವಿದ್ರೆ ಇದನ್ನೊಂದು ಸಲ ಓದ್ತೀರಾ? ಅನಿಸಿದ್ದನ್ನ ಪಕ್ಕದಲ್ಲಿ ಬರೀಬೇಕು."

ಅತ್ತೆ ಕನ್ನಡಕ ಏರಿಸಿದರು. "ಇದಕ್ಕೇನಾ ಅಳಿಯಂದ್ರೆ, ಆರು ತಿಂಗಳಿಂದ ಸಂಜೆಯಾದ್ರೆ ಮಾಯ ಆಗ್ತಿದ್ದಿದ್ದು?"

ಮೊದಲ ಮಾತನ್ನು ಅವರು ಜೋರಾಗಿಯೇ ಓದಿದರು. "'ಪ್ರಿಯ ಪತ್ನಿಯೇ, ನಿನ್ನೆಯಿಂದ ಜಾರಿಗೆ ಬರುವಂತೆ ನನ್ನನ್ನು ಕೆಲಸದಿಂದ ತೆಗೆಯಲಾಗಿದೆ ಎಂದು ತಿಳಿಸಲು ವಿಷಾದಿಸುತ್ತೇನೆ.' ಇವನು ಹೆಂಡತಿ ಹತ್ರ ಮಾತಾಡ್ತಿದಾನೋ, ಗೋಡೆಗೆ ನೋಟೀಸು ಅಂಟಿಸ್ತಿದಾನೋ?"

"ದುಃಖದಲ್ಲಿದಾನೆ ಅತ್ತೆ."

"ದುಃಖದಲ್ಲಿರೋನು ಇಷ್ಟು ಅಚ್ಚುಕಟ್ಟಾಗಿ ವಿಷಾದಿಸ್ತಾನಾ?" ಎಂದು ನೀಲಿ ಪೆನ್ನು ಕೈಗೆತ್ತಿಕೊಂಡರು. ಅರ್ಧ ಗಂಟೆಯ ನಂತರ ಹಾಳೆ ಮರಳಿದಾಗ ಮೊದಲ ಪುಟದ ಅಂಚಿನಲ್ಲಿ ಹೀಗಿತ್ತು: "ಈ ಮಾತು ಮುಗಿಯೋಷ್ಟರಲ್ಲಿ ಹೆಂಡತಿ ಅಡುಗೆಮನೆಗೆ ಹೋಗಿರ್ತಾಳೆ. ನಮ್ಮ ಏಳೂವರೆ ಧಾರಾವಾಹಿ ಹುಡುಗಿ ಮೂರು ತಿಂಗಳಿಂದ ಆಸ್ಪತ್ರೇಲಿ ಎಚ್ಚರ ಇಲ್ಲದೆ ಮಲಗಿದಾಳೆ. ಅವಳೇ ಇವನಿಗಿಂತ ಚುರುಕು."

ಟೈಪಿಸ್ಟ್ ಮೇಲಿನ ಮಹಡಿಗೆ ಹೋದ. ಅಲ್ಲಿದ್ದವರು ನಿವೃತ್ತ ಡ್ರಿಲ್ ಮೇಷ್ಟ್ರು. ಅವರು ಎಂಟೂ ಪುಟವನ್ನು ಎದೆ ಸೆಟೆಸಿ ನಿಂತೇ ಓದಿ, ಉತ್ತರ ಪತ್ರಿಕೆ ತಿದ್ದುವ ಕೆಂಪು ಶಾಯಿಯಲ್ಲಿ ಬರೆದರು: "ಹೆಂಡತಿಗೆ ಶಿಸ್ತು ಸಾಲದು. ಗಂಡ ಮಾತಾಡುವಾಗ ನಿಂತು ಕೇಳಲಿ."

ಇಳಿದು ಬರುವಾಗ ಅತ್ತೆ ಬಾಗಿಲಲ್ಲೇ ಇದ್ದರು. "ಮೇಷ್ಟ್ರು ಏನು ಬರೆದ್ರು, ತೋರ್ಸಿ."

ಇಲ್ಲ ಎನ್ನುವುದು ಟೈಪಿಸ್ಟನಿಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ತೋರಿಸಿದ. ಕೆಂಪಿನ ಕೆಳಗೆ ನೀಲಿ ಬಿತ್ತು: "ಮೇಷ್ಟ್ರ ಹೆಂಡತಿ ನಿಂತು ಕೇಳಿದ್ದನ್ನ ಇಪ್ಪತ್ತು ವರ್ಷದಲ್ಲಿ ನಾನಂತೂ ನೋಡಿಲ್ಲ."

ನೆಲಮಹಡಿಯಲ್ಲಿ ಟೈಲರಮ್ಮನ ಅಂಗಡಿ. ಅವರು ಬಟ್ಟೆಗೆ ಗುರುತು ಹಾಕುವ ಪೆನ್ಸಿಲ್ಲಿನಲ್ಲಿ ಬರೆದರು: "ಅವನ ಅಂಗಿ ಗುಂಡಿ ಕಿತ್ತಿರಲಿ. ಕೆಲಸ ಹೋಯ್ತು ಅಂದಾಗ ಅವಳು, ಗುಂಡಿ ಎಲ್ಲಿ ಹೋಯ್ತು ಅನ್ನಲಿ." ಇದು ಮೇಷ್ಟ್ರ ಕಿವಿಗೆ ಹೇಗೋ ಬಿತ್ತು. ಹಾಳೆಗಳು ಮೇಲೆ ಹೋದವು. "ಗುಂಡಿ ಕಿತ್ತರೆ ಹೊಲಿದವರ ತಪ್ಪು," ಎಂದಿತು ಕೆಂಪು. ಹಾಳೆಗಳು ಕೆಳಗೆ ಬಂದವು. "ಹೊಟ್ಟೆ ದಿನಾ ಬೆಳೆದ್ರೆ ಹೊಲಿದವರು ಏನು ಮಾಡ್ಬೇಕು," ಎಂದಿತು ಪೆನ್ಸಿಲ್ಲು. ನೀಲಿ ಎರಡರ ಮಧ್ಯೆ ನುಗ್ಗಿ ತೀರ್ಪು ಕೊಟ್ಟಿತು: "ಇಬ್ಬರೂ ಸುಮ್ನಿರಿ. ಪಾಪ, ಆ ಗಂಡ ಇನ್ನೂ ಬಾಗಿಲಲ್ಲೇ ನಿಂತಿದಾನೆ."

ಬಾವಿಗೆ ಬಿಟ್ಟ ಕೊಡದಂತೆ ಟೈಪಿಸ್ಟ್ ಇಳಿದು ಏರಿ, ಏರಿ ಇಳಿದು, ನಾಲ್ಕೂವರೆಗೆ ನೋಡಿದರೆ ಅಂಚೆಲ್ಲ ತುಂಬಿ ಸಾಲುಗಳ ನಡುವೆಯೂ ಜಗಳ ಹಬ್ಬಿತ್ತು. ಇರಲಿ, ಶುದ್ಧ ಪ್ರತಿ ಇದೆಯಲ್ಲ ಎಂದು ಸಮಾಧಾನ ಮಾಡಿಕೊಂಡ. ಅದನ್ನು ಟೈಲರಮ್ಮನ ಮೇಜಿನ ಮೇಲೆ ಬಿಟ್ಟದ್ದು ಆಗ ನೆನಪಾಯಿತು. ಓಡಿದ.

"ಟೈಲರಮ್ಮ, ಇಲ್ಲಿ ಎಂಟು ಹಾಳೆ ಇಟ್ಟಿದ್ನಲ್ಲ."

"ಆರು ಇಲ್ಲೇ ಇದೆ ತಮ್ಮ. ಎರಡನ್ನ ಕಾಲರ್ ಅಳತೆಗೆ ಕತ್ತರಿಸಿದೆ. ಹಿಂದೆಲ್ಲ ಖಾಲಿ ಬಿಟ್ಟಿದ್ಯಲ್ಲ, ಬೇಡ ಅಂದ್ಕೊಂಡೆ. ದಪ್ಪ ಕಾಗದ, ಚೆನ್ನಾಗಿ ಬಂತು ಕಾಲರ್ರು."

ಒಂದೇ ಮಗ್ಗುಲಲ್ಲಿ ಮುದ್ರಿಸಬೇಕು ಎಂಬುದೂ ಗುರುಗಳ ನಿಯಮವೇ. ಪ್ರಿಂಟ್ ತೆಗೆಯುವ ಅಂಗಡಿಗೆ ಬೀಗ ಬಿದ್ದಿತ್ತು. ಟೈಪಿಸ್ಟ್ ಆರು ಹಾಳೆ, ಎರಡು ಕಾಲರ್ ಮತ್ತು ಜಗಳದ ಪ್ರತಿಯನ್ನು ಚೀಲಕ್ಕೆ ಹಾಕಿಕೊಂಡು ಬಸ್ಸು ಹತ್ತಿದ.

ತರಗತಿಯಲ್ಲಿ ಅವನ ಸರದಿ ಬಂದಾಗ ಏಳು ಗಂಟೆಯಾಗುತ್ತಿತ್ತು.

"ನಾಲ್ಕು, ಐದನೇ ಪುಟ ಎಲ್ಲಿ?" ಎಂದರು ಮುಖ್ಯ ಬರಹಗಾರ್ತಿ.

"ಕಾಲರ್ ಆಗಿದೆ ಮೇಡಂ." ಎತ್ತಿ ತೋರಿಸಿದ.

ಮೇಡಂ ಕಾಲರನ್ನೂ ಅವನ ಮುಖವನ್ನೂ ನೋಡಿ, ಇನ್ನೊಂದು ಪ್ರತಿಗೆ ಕೈ ಚಾಚಿದರು. ಓದತೊಡಗಿದರು. ಎರಡನೆಯ ಪುಟದಲ್ಲಿ ನಕ್ಕರು. ಟೈಪಿಸ್ಟನ ಎದೆ ಹಗುರಾಯಿತು. ಐದನೆಯದರಲ್ಲಿ ಕಣ್ಣೊರೆಸಿಕೊಂಡು ನಕ್ಕರು. ಅಲ್ಲಿ ಗಂಡ ಬಿಕ್ಕಿ ಬಿಕ್ಕಿ ಅಳುತ್ತಿದ್ದನಲ್ಲ ಎಂದು ಅವನಿಗೆ ಸಣ್ಣ ಅನುಮಾನ ಬಂತು. ಆಮೇಲೆ ಗಮನಿಸಿದ, ಮೇಡಂ ಹಾಳೆಯನ್ನು ಅಡ್ಡ ಹಿಡಿದಿದ್ದರು. ನಡುವೆ ಅವನು ಟೈಪ್ ಮಾಡಿದ್ದನ್ನು ಅವರು ಓದುತ್ತಲೇ ಇರಲಿಲ್ಲ.

"ಈ ನೀಲಿ ಶಾಯಿ ಯಾರದು?"

"ನಮ್ಮತ್ತೇದು ಮೇಡಂ. ತಪ್ಪು ತಿಳ್ಕೋಬೇಡಿ, ಅವರಿಗೆ ಈ ವಿದ್ಯೆ ಗೊತ್ತಿಲ್ಲ."

"ಫೋನ್ ಮಾಡಿ ಕೊಡಿ."

ಫೋನಿನ ಧ್ವನಿ ಇಡೀ ತರಗತಿಗೆ ಕೇಳಿಸಿತು. "ಬೇಗ ಹೇಳಿ, ಏಳೂವರೆಗೆ ನಾನು ಧಾರಾವಾಹಿ ನೋಡ್ಬೇಕು."

"ಅಮ್ಮಾ, ಅದನ್ನ ಬರೆಯೋಳು ನಾನೇ."

"ಹಾಗಾದ್ರೆ ನೀವೇ ಸಿಕ್ಕಿದ್ದು ಒಳ್ಳೇದಾಯ್ತು. ಆ ಹುಡುಗೀನ ಯಾಕೆ ಇನ್ನೂ ಎಬ್ಬಿಸಿಲ್ಲ?"

ಮೇಡಂ ಮುಖ ಸಣ್ಣದಾಯಿತು. "ಹೇಗೆ ಎಬ್ಬಿಸ್ಬೇಕು ಅಂತ ನಮಗೇ ತಿಳೀತಿಲ್ಲಮ್ಮ."

"ಔಷಧಿ, ಹಾಡು, ಅಳು ಎಲ್ಲ ಆಯ್ತಲ್ಲ. ಅವಳ ಅತ್ತೇನ ಪಕ್ಕದಲ್ಲಿ ಕೂರಿಸಿ. ಸೊಸೆ ಅಡುಗೆ ಹೆಂಗೆ ಮಾಡ್ತಿದ್ಳು ಅಂತ ತಪ್ಪು ತಪ್ಪಾಗಿ ಹೇಳ್ತಾ ಹೋಗ್ಲಿ. ತಿದ್ದೋದಕ್ಕಾದ್ರೂ ಎದ್ದೇ ಏಳ್ತಾಳೆ."

ಗುರುಗಳು ಮೊದಲು ಚಪ್ಪಾಳೆ ತಟ್ಟಿದರು. ಮೇಡಂ ಹಾಳೆಗಳನ್ನು ಎದೆಗೊತ್ತಿಕೊಂಡು ಎದ್ದು ನಿಂತಿದ್ದರು. "ಅಮ್ಮಾ, ನಾಳೆಯಿಂದ ನಮ್ಮ ತಂಡಕ್ಕೆ ಬನ್ನಿ. ಆ ದೃಶ್ಯ ನನಗೆ ನಾಳೆ ಬೆಳಗ್ಗೆ ಬೇಕು."

"ನಂಗೆ ಬಸ್ಸು ಹತ್ತೋಕಾಗಲ್ಲ, ಕಂಪ್ಯೂಟರೂ ಬರಲ್ಲ. ಮನೇಲೇ ಕೂತು ಹೇಳ್ತೀನಿ, ಅಳಿಯಂದ್ರು ಟೈಪ್ ಮಾಡ್ತಾರೆ. ಅದು ಅವರಿಗೆ ಬಹಳ ಚೆನ್ನಾಗಿ ಬರುತ್ತೆ."

ಹೀಗೆ ಆ ಒಂದು ಕುರ್ಚಿ ಟೈಪಿಸ್ಟನ ಮನೆಗೇ ಬಂತು. ಕೂತವರು ಅತ್ತೆ.

ಅವನು ಮನೆ ಸೇರುವಷ್ಟರಲ್ಲಿ ಧಾರಾವಾಹಿ ಮುಗಿದಿತ್ತು. ಪಾಳಿ ಮುಗಿಸಿ ಬಂದ ಹೆಂಡತಿ ಮೇಜು ಒರೆಸಿ, ಹಳೆಯ ಕಂಪ್ಯೂಟರಿನ ಮುಂದೆ ಅವನಿಗೊಂದು ಸ್ಟೂಲು ಇಟ್ಟಿದ್ದಳು. ಬೆನ್ನಿಗೆ ಒರಗು ಇದ್ದ ಕುರ್ಚಿಯಲ್ಲಿ ಅತ್ತೆ.

"ಬರ್ಕೊಳ್ಳಿ ಅಳಿಯಂದ್ರೆ. ಅತ್ತೆ ಹೇಳ್ತಾಳೆ, 'ನನ್ನ ಸೊಸೆ ಸಾರಿಗೆ ಮೂರು ಚಮಚ ಉಪ್ಪು ಹಾಕ್ತಿದ್ಳು.' ಆಗ ಹುಡುಗಿ ಕಣ್ಣು ಬಿಟ್ಟು..." ಅತ್ತೆ ತಡೆದರು. ಒಂದು ಮಾತು ಹೇಳಿದರು, ಬೇಡವೆಂದರು. ಇನ್ನೊಂದು ಹೇಳಿ ಅದನ್ನೂ ಅಳಿಸಲು ಹೇಳಿದರು. "ಮೂರು ತಿಂಗಳು ಮಲಗಿದ್ದೋಳು ಮೊದಲು ಏನಂತಾಳೆ?"

ಟೈಪಿಸ್ಟ್ ಬೆರಳು ಎತ್ತದೆ ಕೂತಿದ್ದ. ಕೇಳಿದರೆ ನಗುತ್ತಾರೇನೋ ಎಂದುಕೊಂಡ. ಆದರೂ ಹೇಳಿದ. "ಅತ್ತೆ, ಏನೂ ಅನ್ನೋದು ಬೇಡ. ಕಣ್ಣೂ ಬಿಡೋದು ಬೇಡ. ಹೊದಿಕೆ ಮೇಲಿರೋ ಕೈಲಿ ಒಂದು ಬೆರಳು ಮೇಲೇಳಲಿ. ಒಂದೇ ಚಮಚ ಅಂತ."

ಅತ್ತೆ ಕನ್ನಡಕ ತೆಗೆದರು. ಸೆರಗಿನ ತುದಿಯಲ್ಲಿ ಒರೆಸಿದರು, ಮತ್ತೆ ಹಾಕಿಕೊಂಡರು. ಹೆಂಡತಿ ಬಾಗಿಲಲ್ಲಿ ನಿಂತು ಅವನನ್ನೇ ನೋಡುತ್ತಿದ್ದಳು.

"ಹಾಕಿ," ಎಂದರು ಅತ್ತೆ ಮೆಲ್ಲಗೆ. "ಬರುತ್ತೆ ಅಳಿಯಂದ್ರೆ ನಿಮಗೂ. ಇನ್ನೊಂದೆರಡು ವರ್ಷ ನನ್ನ ಜೊತೆ ಕೂತ್ರೆ ಖಂಡಿತ ಬರುತ್ತೆ. ಸದ್ಯಕ್ಕೆ ಹೆಸರು ಮಾತ್ರ ನಂದೇ ಇರ್ಲಿ."

ಹದಿನೆಂಟು ವರ್ಷದ ಅಭ್ಯಾಸ. ಆ ಮಾತನ್ನೂ ಬೆರಳುಗಳು ಟೈಪ್ ಮಾಡಿಬಿಟ್ಟಿದ್ದವು.