ಜಪ್ತಿಯಾದ ಕಡ್ಡಿಪೆಟ್ಟಿಗೆಯನ್ನು ಹಿಂದಿರುಗಿಸುವ ಕುರಿತು

ಇಂದ:
ಓಬಳೇಶಪ್ಪ, ನಿವೃತ್ತ ಗುಮಾಸ್ತ,
ಪಡಸಾಲೆಯ ಮಂಚ, ಕೊಟ್ಟೂರು.

ಗೆ:
ಶ್ರೀಮತಿ ಜಂಬಮ್ಮನವರು,
ಗೃಹ, ಆಹಾರ ಹಾಗೂ ಜೇಬು ತಪಾಸಣಾ ಇಲಾಖೆ,
ಅಡುಗೆಮನೆ, ಸದರಿ ವಿಳಾಸ.

ವಿಷಯ: ಬೀಡಿ ಬಿಟ್ಟವನು ಜೇಬಿನಲ್ಲಿ ಬೆಂಕಿ ಇಟ್ಟುಕೊಳ್ಳಲು ಅನುಮತಿ ಕೋರಿ.

ಉಲ್ಲೇಖ:
1) ಯುಗಾದಿಯಂದು ತಾವು ಹೊರಡಿಸಿದ ಮೌಖಿಕ ಆದೇಶ: "ಇನ್ನೊಂದು ಬೀಡಿ ಕಂಡ್ರ ಹಾಸಿಗಿ ಹೊರಗ."
2) ಕಳೆದ ಅಮಾವಾಸ್ಯೆಯ ಮರುದಿನ ಅಂಗಿ ಒಗೆಯುವಾಗ ನಡೆದ ತಪಾಸಣೆ ಮತ್ತು ಜಪ್ತಿ.
3) ತದನಂತರ ತಾವು ಮೂರು ದಿನ ಪಾಲಿಸಿದ ಮೌನ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಹರಪನಹಳ್ಳಿ, ಹಡಗಲಿ, ಹಗರಿಬೊಮ್ಮನಹಳ್ಳಿಯ ಕಚೇರಿಗಳಲ್ಲಿ ಮೂವತ್ತೊಂದು ವರ್ಷ ಊರವರ ಅರ್ಜಿಗಳನ್ನು ದಾರ ಕಟ್ಟಿ ಕಪಾಟಿಗೆ ಸೇರಿಸಿದ ನಾನು, ಮೊದಲ ಬಾರಿಗೆ ಸ್ವಂತದ ಅರ್ಜಿಯನ್ನು ಸಲ್ಲಿಸುತ್ತಿದ್ದೇನೆ. ಬಾಯಿಮಾತಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆದರೆ ತಾವು ಮೊದಲು ಮೂಸುತ್ತೀರಿ, ಆಮೇಲೆ ಕೇಳುತ್ತೀರಿ. ಕಾರಣ, ಲಿಖಿತವಾಗಿ.

1. ಕಡ್ಡಿಪೆಟ್ಟಿಗೆ ಸಿಕ್ಕಿದ್ದು ನಿಜ. ಬೀಡಿ ಸಿಗಲಿಲ್ಲ, ಏಕೆಂದರೆ ಇರಲಿಲ್ಲ. ಯುಗಾದಿಯಿಂದ ಇಂದಿನವರೆಗೆ ಅರ್ಜಿದಾರನು ಒಂದು ದಮ್ಮೂ ಎಳೆದಿಲ್ಲ. "ಬೀಡಿ ಬಿಟ್ಟವರಿಗೆ ಬೆಂಕಿ ಯಾಕ ಬೇಕ್ರಿ, ಯಾರ ಬಣವಿ ಸುಡಾಕ?" ಎಂದು ತಾವು ಕೇಳಿದ್ದಿರಿ. ಅದಕ್ಕೆ ಈ ಅರ್ಜಿಯೇ ಉತ್ತರ.

2. ಪ್ರಕರಣದ ಹಿನ್ನೆಲೆ. ನಾನು ಬೀಡಿ ಕಲಿತ ಕಾಲದಲ್ಲಿ ಸೇದದವನೇ ಅನುಮಾನಾಸ್ಪದ ವ್ಯಕ್ತಿಯಾಗಿದ್ದ. ಕೂಡ್ಲಿಗಿ ಬಸ್ಸಿನಲ್ಲಿ "ಧೂಮಪಾನ ನಿಷೇಧಿಸಲಾಗಿದೆ" ಎಂಬ ಹಲಗೆಯ ಅಡಿಯಲ್ಲೇ ಕಂಡಕ್ಟರು ಡ್ರೈವರಿಗೆ ಬೀಡಿ ಹಚ್ಚಿ ಕೊಡುತ್ತಿದ್ದರು. ಟೆಂಟ್ ಸಿನಿಮಾದಲ್ಲಿ ಪರದೆಯ ಮೇಲಿನ ನಾಯಕಿ ನಮ್ಮ ಹೊಗೆಯೊಳಗಿಂದಲೇ ಹಾಡಬೇಕಿತ್ತು. ಡಾಕ್ಟರೊಬ್ಬರು ಒಂದು ಕೈಯಲ್ಲಿ ಸಿಗರೇಟು ಹಿಡಿದು, ಇನ್ನೊಂದು ಕೈಯಲ್ಲಿ ನನ್ನ ಎದೆ ಬಡಿದು, "ಸ್ವಲ್ಪ ಕಮ್ಮಿ ಮಾಡ್ರಿ" ಎಂದರು. ಬೂದಿ ನನ್ನ ಹೊಟ್ಟೆಯ ಮೇಲೆ ಬಿತ್ತು.

ಇಷ್ಟೇ ಅಲ್ಲ. ತಮ್ಮನ್ನು ನೋಡಲು ಉಜ್ಜಿನಿಗೆ ಬಂದಾಗ ತಮ್ಮ ತಂದೆಯವರು ಎಲೆ ಅಡಿಕೆ ತಟ್ಟೆಯಲ್ಲಿ ಬೀಡಿ ಕಟ್ಟು ಇಟ್ಟು ಮುಂದೆ ಸರಿಸಿದರು. ಒಲ್ಲೆ ಎಂದಿದ್ದರೆ "ಹುಡುಗಗ ಏನರ ಜಡ್ಡೈತೇನು?" ಎಂದು ಕೇಳುತ್ತಿದ್ದರು. ಆದ್ದರಿಂದ ಸದರಿ ಅಪರಾಧದಲ್ಲಿ ತಮ್ಮ ತವರಿನ ಪಾಲೂ ಇದೆ ಎಂಬುದನ್ನು ವಿನಯಪೂರ್ವಕ ದಾಖಲಿಸುತ್ತೇನೆ.

3. ಮೊದಲ ಬೀಡಿ ಹಚ್ಚಿಕೊಟ್ಟವನು ನನ್ನ ಅಣ್ಣ ಚೌಡಣ್ಣ. ಶೇಂಗಾ ಕಣ ಕಾಯುತ್ತಿದ್ದಾಗ ಅಪ್ಪ ಏಕಾಏಕಿ ಬಂದುಬಿಟ್ಟ. ಅಣ್ಣ ನನ್ನ ಕೈಯಲ್ಲಿದ್ದ ಉರಿಯುವ ಬೀಡಿಯನ್ನು ಕಸಿದು ತನ್ನ ಮುಷ್ಟಿಯೊಳಗೆ ಮುಚ್ಚಿಕೊಂಡ. ಅಪ್ಪ ಹೋಗುವ ತನಕ ಮುಷ್ಟಿ ಬಿಚ್ಚಲಿಲ್ಲ. ಅಂಗೈಯ ನಡುವೆ ಆ ಕಲೆ ಇನ್ನೂ ಇದೆ.

4. 2014ರಲ್ಲಿ ನಮ್ಮ ಮಗಳು ರೇಣುಕಾಳ ಮದುವೆಯ ಲಗ್ನಪತ್ರಿಕೆಯ ಕರಡನ್ನು ಬರೆದವನು, ತಿದ್ದಿದವನು, ತಿದ್ದುವಾಗ ಬೀಡಿ ಸೇದಿದವನು ಅರ್ಜಿದಾರನೇ. ಒಂದು ಕಿಡಿ ಕಾಗದದ ಮೇಲೆ ಬಿತ್ತು. ನಾನು ಬೂದಿ ಊದಿ, ಕನ್ನಡಕ ಹುಡುಕುವ ಸೋಮಾರಿತನದಿಂದ, ಹಾಗೇ ಅಚ್ಚಿಗೆ ಕಳಿಸಿದೆ. "ಸುಖಾಗಮನ ಬಯಸುವವರು" ಎಂಬುದರ ಕೆಳಗೆ ಮೊದಲ ಹೆಸರು ಇದ್ದ ಕಡೆಯೇ ತೂತು ಬಿದ್ದಿತ್ತು. ಅದು ಅಣ್ಣನ ಹೆಸರು. ಊರವರ ಹೆಸರಿನ ದೀರ್ಘ, ಒತ್ತಕ್ಷರ ತಪ್ಪಿದ್ದಕ್ಕೆ ನೂರಾರು ಅರ್ಜಿ ವಾಪಸ್ ಕಳಿಸಿದ ಗುಮಾಸ್ತನಾದ ನಾನು ಸ್ವಂತ ಅಣ್ಣನ ಹೆಸರನ್ನೇ ಬಿಟ್ಟು ಐನೂರು ಪತ್ರಿಕೆ ಹಂಚಿದೆ.

ಕಿಡಿ ಬಿದ್ದಿತ್ತು ಎಂದು ಹೇಳಲು ಹೋದೆ. ಅಣ್ಣ ಬಾಗಿಲಲ್ಲೇ ನಿಂತು, "ಅಷ್ಟು ಮಂದಿ ಹೆಸ್ರು ಬಿಟ್ಟು ನನ್ನ ಹೆಸ್ರೇ ಸುಡಾಕ ಕಿಡಿಗೇನು ಕಣ್ಣದಾವೇನಲೇ?" ಎಂದ. ಮದುವೆಯ ಅಕ್ಕಿಕಾಳಿಗೂ ಬರಲಿಲ್ಲ. ಅಂದಿಗೆ ಮಾತು ನಿಂತಿತು.

5. ಆದರೆ ನೀರು, ಬೆಂಕಿ ಕೇಳಿದವರಿಗೆ ಇಲ್ಲ ಎನ್ನಬಾರದು. ನಮ್ಮವ್ವ ಜಗಳವಾಡಿದ ನೆರೆಮನೆಗೂ ಒಲೆಯ ಕೆಂಡ ಕೊಡುತ್ತಿದ್ದಳು. ಮದುವೆಯಾದ ತಿಂಗಳಿಗೆ, ನಾನು ಕೂತಿದ್ದ ಬೇವಿನ ಮರದ ಕಟ್ಟೆಗೆ ಅಣ್ಣ ಬಂದು, ಮರದ ಕಡೆ ಮುಖ ಮಾಡಿಕೊಂಡು, "ಬೆಂಕಿ ಐತೇನು?" ಎಂದ. "ಐತಿ" ಎಂದೆ. ಅಂದಿನಿಂದ ಹನ್ನೊಂದು ವರ್ಷ, ದಿನಾ ಸಂಜೆ ನಾಲ್ಕಕ್ಕೆ, ಇಷ್ಟೇ ಮಾತು. ಅವನು ಪೆಟ್ಟಿಗೆ ತೆಗೆದುಕೊಂಡು ಮರದ ಆಚೆ ಬದಿಗೆ ಹೋಗಿ ಕಡ್ಡಿ ಗೀರುತ್ತಿದ್ದ, ವಾಪಸ್ ಕೊಡುತ್ತಿದ್ದ. ಮುಖ ನೋಡುವ ಪದ್ಧತಿ ಇರಲಿಲ್ಲ. ಕೈ ಚಾಚಿದಾಗ ನಾನು ಅಂಗೈಯ ಕಲೆ ನೋಡುತ್ತಿದ್ದೆ.

6. ಯುಗಾದಿ ಹೊತ್ತಿಗೆ ನನ್ನ ಕೆಮ್ಮಿಗೆ ಓಣಿಯವರು ಏಳುವ ಹೊತ್ತು ಗೊತ್ತುಮಾಡಿಕೊಂಡಿದ್ದರು. ಹಡಗಲಿಯ ಡಾಕ್ಟರಮ್ಮ ಎದೆಯ ಫೋಟೋ ಬೆಳಕಿಗೆ ಹಿಡಿದು, "ಅಜ್ಜಾರ, ಇದು ಎದಿನೋ, ಒಲಿ ಮ್ಯಾಲಿನ ಗ್ವಾಡಿನೋ?" ಎಂದಳು. ತಾವು ಪಕ್ಕದಲ್ಲಿ ಕುಳಿತು ಸೆರಗಿನಿಂದ ಕಣ್ಣು ಒರೆಸಿಕೊಂಡಿರಿ. ಬೀಡಿ ಬಿಟ್ಟದ್ದು ತಮ್ಮ ಆದೇಶಕ್ಕೆ ಹೆದರಿ ಎಂದು ತಾವು ಊರೆಲ್ಲ ಹೇಳಿದ್ದೀರಿ. ತಿದ್ದುಪಡಿ: ಆ ಸೆರಗಿಗೆ ಹೆದರಿ. ಬೀಡಿ ಬಿಟ್ಟೆ. ಆದರೆ ಕಡ್ಡಿಪೆಟ್ಟಿಗೆ ಬಿಡಲಿಲ್ಲ, ನಾಲ್ಕು ಗಂಟೆಗೆ ಬೇಕಿತ್ತು.

7. ಜಪ್ತಿಯ ದಿನವೇ ಸಂಜೆ ಅಣ್ಣ ಕೇಳಿದ. ನಾನು ಜೇಬು ತಡಕಿ, "ಇಲ್ಲ, ಬಿಟ್ಟೀನಿ" ಎಂದೆ. ಅವನು "ಹೂಂ" ಎಂದು ಹೊರಟುಹೋದ. ಮರುದಿನ ಬರಲಿಲ್ಲ. ಇವತ್ತಿಗೆ ಹದಿನಾರು ದಿನ. "ಹೋಗಿ ಮಾತಾಡ್ರಲ್ಲಾ, ಬಾಯಿ ಬಿದ್ದೈತೇನು?" ಎಂದು ತಾವು ಕೇಳಬಹುದು. ಎಲ್ಲಿಂದ ಶುರು ಮಾಡಬೇಕೋ ತಿಳಿಯದು. ನಮ್ಮಿಬ್ಬರ ನಡುವೆ ಉಳಿದದ್ದು ಅದೊಂದೇ ಮಾತು. ನನಗೀಗ ಎಪ್ಪತ್ತಮೂರು, ಅವನಿಗೆ ಎಪ್ಪತ್ತೇಳು. ಕಟ್ಟೆಯ ಮೇಲೆ ಒಬ್ಬನೇ ಕೂರುವುದಕ್ಕೆ ನನ್ನಿಂದ ಆಗುತ್ತಿಲ್ಲ.

8. ನಿನ್ನೆ ಸಂತೆಯಲ್ಲಿ ಅತ್ತಿಗೆ ಪಕ್ಕೀರಮ್ಮ ಸಿಕ್ಕಿದ್ದರು. ಅಣ್ಣನಿಗೆ ಬೀಡಿಗೆ ಬೆಂಕಿ ಬೇರೆ ಕಡೆ ಸಿಗುತ್ತಿದೆಯೇ ಎಂದು ವಿಚಾರಿಸಿದೆ.

"ಬೀಡಿ ಎಲ್ಲೈತಪ್ಪ?" ಎಂದರು. "ನಿಮ್ಮಣ್ಣಾರು ಬಿಟ್ಟು ಎರಡು ವರ್ಷಾತು. ನಾಲ್ಕಾತಂದ್ರ ಗೂಡಿನ್ಯಾಗಿಂದು ಒಂದು ಕಿವಿ ಮ್ಯಾಲ ಇಟ್ಕೊಂಡು ಹೋಗ್ತಿದ್ರು, ಬಂದು ಹಂಗ ಇಡ್ತಿದ್ರು. ಅಂಗಿ ಬದ್ಲಿ ಆಕ್ಕಿದ್ವು, ಬೀಡಿ ಅದೇ."

ನಾನು ನಂಬದೆ ನಿಂತದ್ದು ನೋಡಿ, ಇಂದು ಬೆಳಿಗ್ಗೆ ಅದನ್ನು ಕಾಗದದಲ್ಲಿ ಸುತ್ತಿ ತಂದುಕೊಟ್ಟರು. "ಜಂಬಮ್ಮಗ ತೋರ್ಸು. ನಿನ್ನ ಕಿಸೇಕ ಬೆಂಕಿ ಬಂದ್ರ ಹೇಳಿ ಕಳ್ಸು, ನಾಳಿಗೇ ಅವರನ್ನ ಕಟ್ಟಿ ಕಡೆ ಅಟ್ಟತೀನಿ."

ಅಂದರೆ ಎರಡು ವರ್ಷದಿಂದ ಮರದ ಆಚೆ ಅವನು ಬರಿಗಡ್ಡಿ ಗೀರಿ ಆರಿಸುತ್ತಿದ್ದ. ಯುಗಾದಿಯಿಂದ ಈಚೆಗೆ ನಾನು ಬೀಡಿಯಿಲ್ಲದೆ ಬರೀ ಕಡ್ಡಿಪೆಟ್ಟಿಗೆ ಹೊತ್ತು ಕಾಯುತ್ತಿದ್ದೆ. ಇಬ್ಬರೂ ಒಬ್ಬರಿಗೊಬ್ಬರು ಹೇಳಲಿಲ್ಲ, ಹೇಳಿದ್ದರೆ ನಾಲ್ಕು ಗಂಟೆಗೆ ಕೆಲಸವಿರುತ್ತಿರಲಿಲ್ಲ.

ಆದ್ದರಿಂದ, ಈ ಎಲ್ಲ ಕಾರಣಗಳಿಂದ, ಜಪ್ತಿಯಾದ ಕಡ್ಡಿಪೆಟ್ಟಿಗೆಯನ್ನು ಬಿಡುಗಡೆ ಮಾಡಿ, ದಿನಾ ಸಂಜೆ ನಾಲ್ಕರಿಂದ ಐದರವರೆಗೆ ಎಡಜೇಬಿನಲ್ಲಿ ಇಟ್ಟುಕೊಳ್ಳಲು ಅನುಮತಿ ನೀಡಬೇಕಾಗಿ ಕೋರುತ್ತೇನೆ. ಕಡ್ಡಿಗಳನ್ನು ಎಣಿಸಿ ಕೊಟ್ಟು, ಎಣಿಸಿ ವಾಪಸ್ ಪಡೆಯಬಹುದು. ದಿನಕ್ಕೆ ಒಂದು ಕಡಿಮೆ ಬರುತ್ತದೆ, ಅದು ಅಣ್ಣನದು. ಬೇಕಾದರೆ ಬಾಯಿಯನ್ನೂ ಮೂಸಬಹುದು.

ಅವನು ಬೀಡಿ ಬಿಟ್ಟ ಸಂಗತಿ ನನಗೆ ತಿಳಿದಿದೆ ಎಂಬುದು ತಮ್ಮ ಇಲಾಖೆಯಿಂದ ಹೊರಹೋಗಬಾರದಾಗಿ ವಿನಂತಿ.

ಯುಗಾದಿಯಿಂದ ಹೊಗೆ ಬಿಡದ
ತಮ್ಮ ವಿಶ್ವಾಸಿ,
ಓಬಳೇಶಪ್ಪ

ಲಗತ್ತುಗಳು:
1) ಲಗ್ನಪತ್ರಿಕೆಯ ಮೂಲ ಕರಡು, ತೂತು ಸಹಿತ.
2) ಡಾಕ್ಟರಮ್ಮನವರ ಚೀಟಿ.
3) ಬೀಡಿ, ಒಂದು, ಹಳೆಯದು, ಹಚ್ಚದೇ ಇರುವುದು. ಇದನ್ನು ಪರಿಶೀಲಿಸಿ ಇಂದೇ ಹಿಂದಿರುಗಿಸಬೇಕು. ನಾಳೆ ನಾಲ್ಕಕ್ಕೆ ಅಣ್ಣನಿಗೆ ಬೇಕಾಗುತ್ತದೆ.